ವೈನ್ ಕಲೆ ಹೋಗ್ತಿಲ್ವಾ? ಮೊದಲು ಅದರ ಬಣ್ಣ ನೋಡಿ

ಬಟ್ಟೆ ಮೇಲೆ ವೈನ್ ಚೆಲ್ಲಿದರೆ ಸುತ್ತ ಇರುವ ಹತ್ತು ಜನ ಹತ್ತು ಮದ್ದು ಹೇಳುತ್ತಾರೆ. ಉಪ್ಪು ಹಾಕು, ಸೋಪು ಉಜ್ಜು, ಬಿಸಿನೀರು ಸುರಿ, ನಿಂಬೆಹಣ್ಣು ಹಿಂಡು, ಹಾಲಲ್ಲಿ ನೆನೆಸು. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ತಪ್ಪು ಹೊತ್ತಲ್ಲಿ ತಪ್ಪು ಬಟ್ಟೆಗೆ ಹಾಕಿದರೆ, ಸುಲಭವಾಗಿ ಹೋಗಬೇಕಿದ್ದ ಕಲೆಯೂ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೇ ನಾನು ಮದ್ದಿನಿಂದ ಶುರು ಮಾಡುವುದಿಲ್ಲ, ಕಲೆಯಿಂದ ಶುರು ಮಾಡುತ್ತೇನೆ. ಈ ಕ್ಷಣ ಕಲೆ ಯಾವ ಬಣ್ಣದಲ್ಲಿದೆ? ಅದನ್ನು ನೋಡಿದರೆ ಏನಾಗಿದೆ, ಮುಂದೆ ಏನು ಮಾಡಬೇಕು ಎರಡೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ನಾನಿದನ್ನು ಕಲಿತದ್ದು ಅಣ್ಣನ ಮದುವೆಯಲ್ಲಿ. ಕೊಡಗಿನ ವಿರಾಜಪೇಟೆ ಕಡೆ ಮದುವೆ, ಡಿಸೆಂಬರ್ ಚಳಿ. ಮದುಮಗನ ಬಿಳಿ ಕುಪ್ಯದ (ಕೊಡವ ಗಂಡಸರ ಉದ್ದ ನಿಲುವಂಗಿ) ತೊಡೆಯ ಭಾಗಕ್ಕೆ ಯಾರದೋ ಕೈತಪ್ಪಿ ಅರ್ಧ ಗ್ಲಾಸ್ ದ್ರಾಕ್ಷಿ ವೈನ್ ಬಿತ್ತು. ಆ ಕುಪ್ಯ ನಮ್ಮಪ್ಪ ಮದುವೆಗೆ ಹಾಕಿದ್ದು, ಹತ್ತಿಯದ್ದು. ರಾತ್ರಿ ನಾನೇ ತೆಗೆದುಕೊಂಡು ಹೋಗಿ ಬಟ್ಟೆ ಸೋಪಿನ ಬಿಲ್ಲೆ ಹಿಡಿದು ಚೆನ್ನಾಗಿ ಉಜ್ಜಿದೆ. ಕೆಂಪಗಿದ್ದದ್ದು ಕಣ್ಣೆದುರೇ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿತು. ಗಾಬರಿಯಾಗಿ ಇನ್ನೂ ಉಜ್ಜಿದೆ. ಬೆಳಗ್ಗೆಗೆ ಒಣಗಲಿ ಅಂತ ಬಚ್ಚಲು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಬೆಳಗಾಗುವಾಗ ಅಂಗೈ ಅಗಲದ ಕಂದು ಕಲೆ. ಅಲ್ಲಿ ಮಾಡಿದ ಮೂರು ತಪ್ಪುಗಳು ಸೋಪು, ಉಜ್ಜಾಟ ಮತ್ತು ಒಣ ಶಾಖ. ಕುಪ್ಯ ಕೊನೆಗೆ ಉಳಿಯಿತು, ಆದರೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲೂ ಆಮೇಲೆ ಬೇರೆ ಬೇರೆ ಬಟ್ಟೆಗಳಲ್ಲೂ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲೆ ಇನ್ನೂ ಹಸಿ, ಇನ್ನೂ ಕೆಂಪು

ಇದು ಒಳ್ಳೆಯ ಸ್ಥಿತಿ. ಬಣ್ಣ ಇನ್ನೂ ನೀರಲ್ಲೇ ಇದೆ, ದಾರಕ್ಕೆ ಅಂಟಿಲ್ಲ. ಬಿಳಿ ಹತ್ತಿ ಬಟ್ಟೆಯನ್ನೋ ಟಿಶ್ಯೂವನ್ನೋ ಕಲೆ ಮೇಲಿಟ್ಟು ಅಂಗೈಯಿಂದ ಒತ್ತಿ, ಎತ್ತಿ, ಜಾಗ ಬದಲಿಸಿ ಮತ್ತೆ ಒತ್ತಿ. ಉಜ್ಜಬೇಡಿ. ಉಜ್ಜಿದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕಲೆಯ ಅಂಚಿನಿಂದ ಸಣ್ಣ ಸಣ್ಣ ಕೆಂಪು ಗೆರೆಗಳು ದಾರದ ಗುಂಟ ಹೊರಗೆ ಹರಿಯುತ್ತವೆ, ನೇಯ್ಗೆಯ ಎಳೆ ಎಳೆಯೂ ಬತ್ತಿಯ ಹಾಗೆ ವೈನನ್ನು ಎಳೆದುಕೊಳ್ಳುತ್ತದೆ. ಒಂದು ರೂಪಾಯಿ ಅಗಲದ ಕಲೆ ಎರಡೇ ನಿಮಿಷದಲ್ಲಿ ತಟ್ಟೆಯಷ್ಟಾಗುತ್ತದೆ.

ಒತ್ತಿ ಒತ್ತಿ ಬಟ್ಟೆಗೆ ಬಣ್ಣ ಬರುವುದು ನಿಂತ ಮೇಲೆ ತಣ್ಣೀರು. ಬಟ್ಟೆಯನ್ನು ತಿರುವಿಹಾಕಿ ಕಲೆಯ ಹಿಂಬದಿಯಿಂದ ನೀರು ಬಿಡಿ, ಆಗ ವೈನ್ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮದುವೆ ಹಾಲ್‌ನಲ್ಲಿ ಮೈಮೇಲಿರುವ ಬಟ್ಟೆಯಾದರೆ ಸೋಡಾ ನೀರು ಸಿಕ್ಕರೂ ನಡೆಯುತ್ತದೆ. ಸೋಡಾದಲ್ಲಿ ವಿಶೇಷ ಶಕ್ತಿ ಏನಿಲ್ಲ, ಕೆಲಸ ಮಾಡುವುದು ನೀರೇ. ಕೆಂಪು ವೈನ್ ಮೇಲೆ ಬಿಳಿ ವೈನ್ ಸುರಿಯಿರಿ ಅನ್ನುವುದೂ ಅಷ್ಟೇ, ಸುಮ್ನೆ ವೈನ್ ದಂಡ. ಉಪ್ಪು ಉಪಯೋಗಕ್ಕೆ ಬರುವುದು ಮೇಜಿನ ಬಟ್ಟೆ, ಕಾರ್ಪೆಟ್, ಹಾಸಿಗೆ ಮೇಲೆ ಜಾಸ್ತಿ ಚೆಲ್ಲಿ ನಿಂತಾಗ, ಅದು ಹೀರಿಕೊಳ್ಳುತ್ತದೆ. ಬಣ್ಣ ತೆಗೆಯುವ ಗುಣ ಅದಕ್ಕಿಲ್ಲ.

ಬಿಳಿ ಹತ್ತಿಗೆ ಮಾತ್ರ ಇನ್ನೊಂದು ಹಳೆಯ ಉಪಾಯ ಇದೆ. ಕಲೆಯಾದ ಜಾಗವನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಕುದಿಯುವ ನೀರನ್ನು ಒಂದಡಿ ಎತ್ತರದಿಂದ ಕಲೆ ಮೇಲೆ ಸುರಿಯುವುದು. ಹಸಿ ಹಣ್ಣಿನ ಕಲೆ, ಹಸಿ ವೈನ್ ಕಲೆ ಇದರಲ್ಲಿ ಚೆನ್ನಾಗಿ ಹೋಗುತ್ತದೆ. ಆಗಲೇ ಶಾಖ ಕೆಟ್ಟದ್ದು ಅಂದ್ರಿ, ಈಗ ಕುದಿನೀರು ಅಂತೀರಲ್ಲ ಅಂತ ಕೇಳಬಹುದು. ಹರಿಯುವ ಬಿಸಿನೀರು ಬಣ್ಣವನ್ನು ಕೊಚ್ಚಿಕೊಂಡು ಹೋಗುತ್ತದೆ. ಒಲೆಯ ಶಾಖ, ಇಸ್ತ್ರಿಯ ಶಾಖ ಬಣ್ಣವನ್ನು ಅಲ್ಲೇ ಬೇಯಿಸುತ್ತದೆ. ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್‌ಗೆ ಇದನ್ನು ಮಾಡಲೇಬೇಡಿ.

ಸೋಪು ಹಾಕಿದ ಮೇಲೆ ನೀಲಿಯಾಯ್ತು

ಕಲೆ ಹಾಳಾಯ್ತು ಅಂತ ಜನ ಕೈಬಿಡುವುದು ಇಲ್ಲೇ. ಹಾಳಾಗಿಲ್ಲ. ಕೆಂಪು ದ್ರಾಕ್ಷಿಯ ಬಣ್ಣಕ್ಕೆ ಆಂಥೋಸಯನಿನ್ ಅಂತ ಹೆಸರು. ಹುಳಿಯಲ್ಲಿ ಅದು ಕೆಂಪು, ಕ್ಷಾರ ತಗುಲಿದರೆ ನೇರಳೆ, ಇನ್ನೂ ಜಾಸ್ತಿಯಾದರೆ ನೀಲಿ, ಹಸಿರು. ವೈನ್ ಹುಳಿ, ಅದಕ್ಕೇ ಕೆಂಪಗಿರುತ್ತದೆ. ಬಟ್ಟೆ ಸೋಪು ಕ್ಷಾರ, ಅದಕ್ಕೇ ನೀಲಿಯಾಗುತ್ತದೆ. ಅರಿಸಿನ ಆದ ಬಟ್ಟೆಗೆ ಸೋಪು ಹಾಕಿದರೆ ಕೆಂಪಾಗುತ್ತದಲ್ವಾ, ಇದೂ ಹಾಗೆಯೇ. ಬಣ್ಣ ಬದಲಾಗಿದೆ ಅಷ್ಟೇ, ಕಲೆ ಗಟ್ಟಿಯಾಗಿಲ್ಲ.

ಸೋಪನ್ನು ತಣ್ಣೀರಲ್ಲಿ ಪೂರ್ತಿ ತೊಳೆಯಿರಿ, ಜಾರುವುದು ನಿಲ್ಲುವ ತನಕ. ಆಮೇಲೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಬೆರೆಸಿ ಒಂದು ಹನಿ ಕಲೆ ಮೇಲೆ ಬಿಡಿ. ಆಮೇಲೆ ಬೇರೊಂದು ಬಟ್ಟೆಯ ಮೇಲೆ ನಾನು ಹಾಗೆ ಬಿಟ್ಟಾಗ ಬೂದು ಕಲೆಯ ಮಧ್ಯೆ ಗೋರಂಟಿ ಬೊಟ್ಟಿನಷ್ಟು ದುಂಡಗೆ ಗುಲಾಬಿ ಬಣ್ಣ ಮೂಡಿತು, ಅದು ಮೆಲ್ಲಗೆ ಅಗಲವಾಯಿತು. ಆ ಗುಲಾಬಿ ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಹನಿ ಬಿದ್ದ ಕಡೆ ಗುಲಾಬಿ ಬಂತು ಅಂದರೆ ಎರಡು ವಿಷಯ ಖಚಿತ. ಇದು ಹಣ್ಣಿನ ಬಣ್ಣವೇ, ಮತ್ತು ಇನ್ನೂ ತೆಗೆಯಬಹುದು. ಹತ್ತು ನಿಮಿಷ ವಿನೆಗರ್ ನೀರಲ್ಲಿ ಇಟ್ಟು, ಒತ್ತಿ ತೆಗೆದು, ತಣ್ಣೀರಲ್ಲಿ ತೊಳೆಯಿರಿ. ಸುಮಾರು ಬಣ್ಣ ಇಲ್ಲೇ ಇಳಿಯುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ಮನೆಯಲ್ಲಿ ವಿನೆಗರ್ ಇಲ್ಲ, ಅಡುಗೆಗೆ ಹಾಕುವ ಹಣ್ಣಿನ ಹುಳಿರಸ ಕಾಚಂಪುಳಿ ಇದೆ, ಅದೂ ಹುಳಿಯೇ ಅಲ್ವಾ ಅಂತ ಅದನ್ನು ಹಾಕಬೇಡಿ. ಹಂದಿ ಮಾಂಸದ ಪಂದಿ ಕರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅದು ಕಪ್ಪಗೆ ಮಂದ ಇರುತ್ತದೆ, ತಾನೇ ಒಂದು ಕಲೆ ಬಿಡುತ್ತದೆ. ನಿಂಬೆರಸ ಸಾಕು.

ಬಿಲ್ಲೆ ಸೋಪನ್ನು ಈ ಕಲೆಗೆ ಮೊದಲಿಗೇ ಹಾಕದಿರುವುದು ಲೇಸು. ವೈನಲ್ಲಿ ಚೊಗರು ಇರುತ್ತದೆ, ಟ್ಯಾನಿನ್. ಕಾಫಿ, ಟೀ, ವೈನ್ ಹೀಗೆ ಚೊಗರಿರುವ ಕಲೆಗಳು ಬಿಲ್ಲೆ ಸೋಪು ತಗುಲಿದರೆ ಇನ್ನಷ್ಟು ಹಟ ಹಿಡಿಯುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಬಟ್ಟೆಯ ಲಿಕ್ವಿಡ್ ಡಿಟರ್ಜೆಂಟ್ ಆದರೆ ಆ ತೊಂದರೆ ಇಲ್ಲ.

ತೊಳೆದಷ್ಟೂ ಕಪ್ಪಾಗ್ತಿದೆ

ಇದು ನೀಲಿಗಿಂತ ಬೇರೆ. ಮಸಿ ಚೆಲ್ಲಿದ ಹಾಗೆ ಬೂದುಗಪ್ಪು, ವಿನೆಗರ್ ಹನಿ ಬಿಟ್ಟರೂ ಗುಲಾಬಿ ಬರುವುದಿಲ್ಲ. ಆಗ ನಿಮ್ಮ ನೀರನ್ನು ಅನುಮಾನಿಸಿ. ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುತ್ತದೆ. ಬಕೆಟ್ಟಿನ ಒಳಗೆ ಕೆಂಪು ಹಳದಿ ಪದರ ಕೂತಿದ್ದರೆ, ನಲ್ಲಿ ಕೆಳಗಿನ ಟೈಲ್ಸ್ ಮೇಲೆ ತುಕ್ಕಿನ ಗೆರೆ ಇದ್ದರೆ ಅದೇ. ಕಬ್ಬಿಣವೂ ವೈನಿನ ಚೊಗರೂ ಸೇರಿದರೆ ಆಗುವುದು ಹಿಂದಿನ ಕಾಲದ ಬರೆಯುವ ಮಸಿ. ಚೊಗರು ಕಾಯಿಯ ರಸಕ್ಕೆ ಕಬ್ಬಿಣದ ಉಪ್ಪು ಸೇರಿಸಿಯೇ ಮಸಿ ಮಾಡುತ್ತಿದ್ದರು. ಅಂದರೆ ನೀವು ತೊಳೆಯುತ್ತಿಲ್ಲ, ಬಟ್ಟೆ ಮೇಲೆ ಮಸಿ ತಯಾರಿಸುತ್ತಿದ್ದೀರಿ.

ಬಿಳಿ ಹತ್ತಿಯಾದರೆ ನಿಂಬೆರಸಕ್ಕೆ ಸ್ವಲ್ಪ ಉಪ್ಪು ಸೇರಿಸಿ ಕಲೆಗೆ ಹಚ್ಚಿ, ಅರ್ಧ ಗಂಟೆ ಹಸಿಯಾಗಿಯೇ ಇಟ್ಟು ತೊಳೆಯಿರಿ. ನಿಂಬೆಯ ಹುಳಿ ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ತರುತ್ತದೆ. ಎರಡು ಮೂರು ಸಲ ಬೇಕಾಗಬಹುದು. ತೊಳೆಯುವುದಕ್ಕೆ ಅದೇ ಬೋರ್‌ವೆಲ್ ನೀರು ಬೇಡ. ನಮಗೆ ಮಳೆಗೆ ಬರವಿಲ್ಲ. ಮಳೆಗಾಲದಲ್ಲಿ ಅಂಗಳದ ಮಧ್ಯೆ, ಮಾಡಿನ ಹನಿ ಬೀಳದ ಕಡೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟರೆ ಅರ್ಧ ದಿನದಲ್ಲಿ ಬೇಕಾದಷ್ಟು ನೀರು. ಕಬ್ಬಿಣವೂ ಇಲ್ಲ, ಗಡಸೂ ಇಲ್ಲ. ಹಂಚಿನ ಮೇಲಿಂದ ಇಳಿದ ನೀರು ಪಾಚಿ ಬಣ್ಣ ತರುತ್ತದೆ, ಅದು ಬೇಡ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ವಿಷಯ ಬರುತ್ತದೆ. ಬಟ್ಟೆಯಲ್ಲಿ ಕಬ್ಬಿಣ ಇರುವಾಗ ಅದನ್ನು ಹಾಕಿದರೆ, ಆ ಜಾಗದಲ್ಲಿ ಪೆರಾಕ್ಸೈಡ್ ವಿಪರೀತ ವೇಗವಾಗಿ ಕೆಲಸ ಮಾಡಿ ದಾರವನ್ನೇ ತಿನ್ನುತ್ತದೆ. ಕಲೆ ಹೋಗುತ್ತದೆ, ಜೊತೆಗೆ ಸಣ್ಣ ತೂತೂ ಬೀಳುತ್ತದೆ. ಮೊದಲು ನಿಂಬೆ, ಪೂರ್ತಿ ತೊಳೆದ ಮೇಲೆ ಪೆರಾಕ್ಸೈಡ್. ಈ ಕ್ರಮ ತಪ್ಪಿಸಬೇಡಿ.

ಒಣಗಿ ಕಂದಾಗಿದೆ, ಇಲ್ಲವೇ ಇಸ್ತ್ರಿ ಬಿದ್ದಿದೆ

ಕುಪ್ಯದ ಕಥೆ ಬಂದು ನಿಂತದ್ದು ಇಲ್ಲಿಗೆ. ಈಗ ಬಣ್ಣ ನೀರಲ್ಲಿ ಕರಗುವ ಹಂತ ದಾಟಿದೆ, ಅದನ್ನು ಬ್ಲೀಚ್ ಮಾಡಬೇಕು. ಮನೆಮಟ್ಟಿಗೆ ಅತ್ಯುತ್ತಮ ಅಂದರೆ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಬಾಟಲಿ ಮೇಲೆ ಓದಿ. 6% ಅಂತಿದ್ದರೆ ಅಷ್ಟೇ ಪ್ರಮಾಣದ ನೀರು ಬೆರೆಸಿ 3% ಮಾಡಿಕೊಳ್ಳಿ. 3% ಇದ್ದರೆ ಹಾಗೆಯೇ ಸರಿ. ತುಂಬ ದಿನದ ಹಿಂದೆ ತೆರೆದ ಬಾಟಲಿಯಾದರೆ ಶಕ್ತಿ ಹೋಗಿರಬಹುದು. ಹಸಿ ಆಲೂಗೆಡ್ಡೆ ಹೋಳಿನ ಮೇಲೆ ಎರಡು ಹನಿ ಬಿಡಿ. ಬುರಬುರ ನೊರೆ ಬಂದರೆ ಜೀವ ಇದೆ, ಸುಮ್ಮನಿದ್ದರೆ ಹೊಸ ಬಾಟಲಿ ತನ್ನಿ.

ಎರಡು ಪಾಲು ಪೆರಾಕ್ಸೈಡ್, ಒಂದು ಪಾಲು ಪಾತ್ರೆ ತೊಳೆಯುವ ಲಿಕ್ವಿಡ್. ಲಿಕ್ವಿಡ್ ಆದಷ್ಟು ಬಣ್ಣ ಕಡಿಮೆ ಇರುವುದು ಸಿಕ್ಕರೆ ಒಳ್ಳೆಯದು. ಬೇಕಾದಷ್ಟೇ ಬೆರೆಸಿ, ಉಳಿದದ್ದನ್ನು ಮುಚ್ಚಳ ಹಾಕಿ ಇಡಬೇಡಿ, ಒಳಗೆ ಗ್ಯಾಸ್ ತುಂಬಿ ಬಾಟಲಿ ಒಡೆಯಬಹುದು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕಲೆ ಮೇಲೆ ಹಾಕಿ, ಬೆರಳ ತುದಿಯಿಂದ ತಟ್ಟಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಒಣಗಲು ಬಿಡಬೇಡಿ, ಒಣಗುವಂತಿದ್ದರೆ ಇನ್ನಷ್ಟು ಹಾಕಿ. ತೊಳೆದು ನೋಡಿ. ಬಣ್ಣ ಇಳಿದಿದ್ದರೆ ಮತ್ತೆ ಅದೇ. ಒಂದೇ ಸಲಕ್ಕೆ ಎಲ್ಲ ಹೋಗಬೇಕು ಅಂತ ಗಟ್ಟಿ ದ್ರಾವಣ ಮಾಡುವುದಕ್ಕಿಂತ ತೆಳುವಾಗಿ ನಾಲ್ಕು ಸಲ ಮಾಡುವುದು ಬಟ್ಟೆಗೆ ಒಳ್ಳೆಯದು. ಕುಪ್ಯಕ್ಕೆ ದಿನಕ್ಕೆ ಎರಡು ಸಲದಂತೆ ಮಾಡಿದೆ. ಎರಡನೇ ದಿನ ಕಂದು ಹೋಗಿ ಮಾಸಲು ಹಳದಿ ಉಳಿಯಿತು, ನಾಲ್ಕನೇ ದಿನ ಕಿಟಕಿಗೆ ಹಿಡಿದು ನೋಡಿದಾಗ ಅಂಚಿನ ಗೆರೆಯೂ ಇರಲಿಲ್ಲ.

ಬಣ್ಣದ ಬಟ್ಟೆಯಾದರೆ ಮೊದಲು ಒಳ ಹೊಲಿಗೆಯ ಕಡೆ ಒಂದು ಹನಿ ಹಾಕಿ ಕಾಲು ಗಂಟೆ ಕಾಯಿರಿ. ಬಟ್ಟೆಯ ಬಣ್ಣವೇ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ದೊಡ್ಡ ಬಟ್ಟೆ, ಉದಾಹರಣೆಗೆ ಬೆಡ್‌ಶೀಟ್, ಮೇಜಿನ ಬಟ್ಟೆ ಆದರೆ ವ್ಯಾನಿಶ್ ತರಹದ ಆಕ್ಸಿಜನ್ ಬ್ಲೀಚ್ ಪುಡಿ ಅನುಕೂಲ. ಅದರಲ್ಲಿರುವ ಸೋಡಿಯಂ ಪರ್ಕಾರ್ಬೊನೇಟ್ ನೀರಿಗೆ ಬಿದ್ದರೆ ಪೆರಾಕ್ಸೈಡನ್ನೇ ಬಿಡುತ್ತದೆ. ತಣ್ಣೀರಲ್ಲಿ ಅದು ನಿಧಾನ. ಕೈಗೆ ಹಿತವಾದ ಬೆಚ್ಚಗಿನ ನೀರು, ಸುಮಾರು 40 ಡಿಗ್ರಿ, ಒಂದೆರಡು ಗಂಟೆ. ಮಡಿಕೇರಿಯ ಜುಲೈ ಚಳಿಗೆ ಬಕೆಟ್ಟಿನ ನೀರು ಅರ್ಧ ಗಂಟೆಯಲ್ಲೇ ತಣ್ಣಗಾಗುತ್ತದೆ, ಆಮೇಲೆ ಪುಡಿ ಕೆಲಸ ಮಾಡ್ತಿಲ್ಲ ಅಂತ ದೂರುವವರು ಜಾಸ್ತಿ. ನಡುವೆ ಒಂದು ಚೊಂಬು ಬಿಸಿನೀರು ಸೇರಿಸಿ.

ರಿನ್ ಆಲಾ ತರಹದ ಕ್ಲೋರಿನ್ ಬ್ಲೀಚ್ ನನ್ನ ಕೊನೆಯ ಆಯ್ಕೆ, ಅದೂ ಅಚ್ಚ ಬಿಳಿ ಹತ್ತಿಗೆ ಮಾತ್ರ. ದಯವಿಟ್ಟು ಅದನ್ನು ವಿನೆಗರ್ ಜೊತೆಗಾಗಲಿ ನಿಂಬೆ ಜೊತೆಗಾಗಲಿ ಸೇರಿಸಬೇಡಿ. ಹುಳಿ ತಗುಲಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಮಳೆಗೆ ಕಿಟಕಿ ಬಾಗಿಲು ಎಲ್ಲ ಹಾಕಿದ ಬಚ್ಚಲಲ್ಲಿ ಅದನ್ನು ಉಸಿರಾಡಿದರೆ ಜೀವಕ್ಕೇ ಅಪಾಯ. ಪೆರಾಕ್ಸೈಡ್, ವಿನೆಗರ್ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸುವುದೂ ಬೇಡ. ಒಂದನ್ನು ಪೂರ್ತಿ ತೊಳೆದ ಮೇಲೆ ಇನ್ನೊಂದು.

ಪೆಟ್ಟಿಗೆಯಿಂದ ತೆಗೆದಾಗ ಹಳದಿ ಕಲೆ

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಹಾಕಿದ ಬಿಳಿ ಶರಟು. ಆವತ್ತು ನೆಲ್ಲಿಕಾಯಿ ವೈನ್ ಎರಡು ಹನಿ ಬಿದ್ದಿತ್ತು, ಬಣ್ಣವಿಲ್ಲದ ವೈನ್ ಅಲ್ವಾ, ಒಣಗಿದ ಮೇಲೆ ಏನೂ ಕಾಣಲಿಲ್ಲ, ಮಡಚಿ ಇಟ್ಟಿರಿ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತದ ಹಬ್ಬ ಅಂತ ತೆಗೆದರೆ ಅದೇ ಜಾಗದಲ್ಲಿ ಹಳದಿ ಕಲೆ. ನಮ್ಮ ಮನೆ ವೈನ್‌ಗಳು ನೆಲ್ಲಿ, ಶುಂಠಿ, ಪ್ಯಾಶನ್ ಫ್ರೂಟ್ ಯಾವುದಾದರೂ ಸಕ್ಕರೆ ಧಾರಾಳ. ಆ ಸಕ್ಕರೆ ಬಟ್ಟೆಯಲ್ಲೇ ಉಳಿದು ತಿಂಗಳುಗಟ್ಟಲೆ ಗಾಳಿಗೆ ನಿಧಾನವಾಗಿ ಹಳದಿ, ಕಂದು ಆಗುತ್ತದೆ. ಇಸ್ತ್ರಿ ಬಿದ್ದರೆ ಅದೇ ಕ್ಷಣದಲ್ಲಿ ಆಗುತ್ತದೆ. ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ಡಿಟರ್ಜೆಂಟ್ ಹಾಕಿ ರಾತ್ರಿ ನೆನೆಸಿ, ಉಳಿದದ್ದಕ್ಕೆ ಪೆರಾಕ್ಸೈಡ್. ಬಣ್ಣವಿಲ್ಲದ ವೈನ್ ಬಿದ್ದರೂ ಅವತ್ತೇ ನೀರಲ್ಲಿ ತೊಳೆದುಬಿಡಿ.

ಇದು ವೈನ್ ಕಲೆ ಹೌದಾ?

ಎರಡು ಹನಿ ಪರೀಕ್ಷೆ. ಒಂದು ಕಡೆ ವಿನೆಗರ್, ಇನ್ನೊಂದು ಕಡೆ ಅಡುಗೆ ಸೋಡಾ ಕರಗಿಸಿದ ನೀರು. ಗುಲಾಬಿ, ನೀಲಿ ಅಂತ ಎರಡೂ ಕಡೆ ಬೇರೆ ಬಣ್ಣ ಬಂದರೆ ದ್ರಾಕ್ಷಿ ಅಥವಾ ನೇರಳೆ ಹಣ್ಣು. ಎರಡಕ್ಕೂ ಗುಲಾಬಿಯಾಗಿಯೇ ಉಳಿದರೆ ಬಹುಶಃ ಬಣ್ಣಕ್ಕೆ ಬೀಟ್‌ರೂಟ್ ಹಾಕಿದ ವೈನ್. ಅದಕ್ಕೆ ವಿನೆಗರ್ ದಾರಿ ಹಿಡಿದು ಪ್ರಯೋಜನವಿಲ್ಲ, ತಣ್ಣೀರು, ಆಮೇಲೆ ನೇರ ಪೆರಾಕ್ಸೈಡ್. ಕಂದಾಗಿಯೇ ಉಳಿದರೆ ಸಕ್ಕರೆ ಕರಿಸಿ ಬಣ್ಣ ಕೊಟ್ಟದ್ದಿರಬಹುದು, ಕಾಫಿಯೂ ಇರಬಹುದು. ಎರಡಕ್ಕೂ ಮೊದಲು ಡಿಟರ್ಜೆಂಟ್ ನೆನೆತ. ಎರಡೂ ಹನಿಗೆ ಜಗ್ಗದೆ ಕಣ್ಣು ಕುಕ್ಕುವ ಕೆಂಪು ಹಾಗೆಯೇ ನಿಂತರೆ ಕೃತಕ ಬಣ್ಣ ಸೇರಿಸಿದ್ದಾರೆ, ಅದು ಪೂರ್ತಿ ಹೋಗುವ ಭರವಸೆ ನಾನು ಕೊಡಲಾರೆ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ ಬೂಷ್ಟಿನದು. ವೈನ್ ಕಲೆಗೆ ಕಾಫಿ ಹನಿ ಒಣಗಿದ ಹಾಗೆ ಗಾಢವಾದ ಅಂಚು ಇರುತ್ತದೆ, ಮಧ್ಯೆ ತೆಳು. ಬೂಷ್ಟಿಗೆ ಅಂಚಿಲ್ಲ, ಮಡಿಕೆಯ ಗುಂಟ ಸಣ್ಣ ಸಣ್ಣ ಚುಕ್ಕೆ, ಮುಗ್ಗಲು ವಾಸನೆ. ಎರಡೂ ಒಟ್ಟಿಗೇ ಬರುವುದೂ ಉಂಟು. ವೈನಿನ ಸಕ್ಕರೆ ಉಳಿದ, ಸರಿಯಾಗಿ ಒಣಗದ ಬಟ್ಟೆ ಜೂನ್ ಜುಲೈಯಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಕಲೆ ಅರ್ಧ ಹೋಗಿ ನಾಳೆ ನೋಡೋಣ ಅಂದುಕೊಂಡರೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿ ಇಡಬೇಡಿ, ಒಲೆ ಮೇಲೂ ಹಾಕಬೇಡಿ. ತಣ್ಣೀರಲ್ಲಿ ಮುಳುಗಿಸಿ ಇಡಿ, ಬೆಳಗ್ಗೆ ನೀರು ಬದಲಿಸಿ. ಕಲೆ ಹೋಯ್ತಾ ಇಲ್ವಾ ಅಂತ ಟ್ಯೂಬ್‌ಲೈಟ್ ಬೆಳಕಲ್ಲಿ ತೀರ್ಮಾನಿಸಬೇಡಿ, ಹಗಲಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಖಚಿತವಾದ ಮೇಲೇ ಒಣಗಿಸಿ, ಆಮೇಲೆ ಇಸ್ತ್ರಿ.

ರೇಷ್ಮೆ ಸೀರೆ, ಚೇಲೆ

ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ರೇಷ್ಮೆಗೆ ಸಲ್ಲದು. ಅಡುಗೆ ಸೋಡಾ, ಆಕ್ಸಿಜನ್ ಬ್ಲೀಚ್ ಪುಡಿ ಇವೆಲ್ಲ ಕ್ಷಾರ, ರೇಷ್ಮೆಯ ಹೊಳಪು ತೆಗೆಯುತ್ತವೆ. ಕ್ಲೋರಿನ್ ಬ್ಲೀಚ್ ಅಂತೂ ರೇಷ್ಮೆ, ಉಣ್ಣೆ ಎರಡನ್ನೂ ಹಳದಿ ಮಾಡಿ ತಿಂದುಹಾಕುತ್ತದೆ. ಎಂಜೈಮ್ ಇರುವ ಡಿಟರ್ಜೆಂಟೂ ಬೇಡ, ಪ್ರೋಟೀನ್ ಕಲೆ ತಿನ್ನುವ ಎಂಜೈಮಿಗೆ ರೇಷ್ಮೆಯೂ ಪ್ರೋಟೀನೇ. ಒತ್ತಿ ಹೀರಿಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒತ್ತಿ, ತೀರಾ ಬೇಕಾದರೆ ತೆಳು ವಿನೆಗರ್ ನೀರು, ಜರಿಗೆ ತಾಗದ ಹಾಗೆ. ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ ಚೇಲೆಯದ್ದು ಇನ್ನೊಂದು ತೊಂದರೆ, ನೀರು ಬಿದ್ದರೆ ಅದರ ಬಣ್ಣವೇ ಬಿಟ್ಟು ಕೆಳಗಿರುವ ಕುಪ್ಯಕ್ಕೆ ಹಿಡಿಯಬಹುದು. ವೈನ್ ಚೆಲ್ಲಿದರೆ ಮೊದಲು ಚೇಲೆ ಬಿಚ್ಚಿ ಬೇರೆ ಇಡಿ.

ಅಷ್ಟಕ್ಕೂ ಹೋಗದಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡಿ, ಆದಷ್ಟು ಮರುದಿನವೇ. ಕೊಡುವಾಗ ಕಲೆ ಇರುವ ಜಾಗಕ್ಕೆ ಒಂದು ದಾರ ಕಟ್ಟಿ, ಯಾವ ವೈನ್, ಎಷ್ಟು ಹೊತ್ತಾಯಿತು, ನೀವು ಏನೇನು ಹಾಕಿದಿರಿ ಅಂತ ಚೀಟಿಯಲ್ಲಿ ಬರೆದುಕೊಡಿ. ವಿನೆಗರ್ ಹಾಕಿದ್ದರೆ ವಿನೆಗರ್ ಅಂತ, ಸೋಪು ಹಾಕಿದ್ದರೆ ಸೋಪು ಅಂತ.